ಬೋರಲಿಂಗಯ್ಯನ ಕೆನ್ನೆ

ಬೋರಲಿಂಗಯ್ಯ ಪ್ಲಂಬರ್ ಆಗಿದ್ದು ಆಸೆಯಿಂದಲ್ಲ, ಹೊಟ್ಟೆಪಾಡಿಗೆ. ಹೊಂಗನೂರಿನಿಂದ ರಾಮನಗರಕ್ಕೆ ಬಂದು ಇಪ್ಪತ್ತೆರಡು ವರ್ಷ ರೇಷ್ಮೆ ನೂಲು ತೆಗೆಯುವ ಕಡೆ ದುಡಿದ. ಕುದಿನೀರಲ್ಲಿ ಬೆಂದ ಗೂಡಿಗೆ ಕೈಹಾಕಿ ಎಳೆ ಹುಡುಕುವುದು ಅವನ ಕೆಲಸ. ಆ ನೀರು ಯಾರ‍್ಯಾರಿಗೋ ಸೀರೆ ಕೊಟ್ಟಿತು, ಅವನ ಬೆರಳುಗಳ ಸ್ಪರ್ಶವನ್ನು ತಿಂದುಹಾಕಿತು. ಮೆಷಿನ್ ಬಂದ ಮೇಲೆ ಮಾಲೀಕ ಒಂದು ಒಳ್ಳೆ ಮಾತೂ ಆಡದೆ ಮನೆಗೆ ಕಳಿಸಿದ. ಐವತ್ತು ದಾಟಿದವನಿಗೆ ಯಾರು ಕೆಲಸ ಕೊಡುತ್ತಾರೆ? ಹಾರ್ಡ್‌ವೇರ್ ಅಂಗಡಿಯ ನಟರಾಜು ಕೊಟ್ಟ.

ಪೈಪಿನ ಕೆಲಸವನ್ನು ಬೇಗ ಕಲಿತ. ತೊಡಕು ಒಂದೇ. ನಟ್ಟು ಬಿಗಿದ ಮೇಲೆ ಎಲ್ಲ ಪ್ಲಂಬರುಗಳೂ ಅದರ ಸುತ್ತ ಬೆರಳಾಡಿಸಿ ತೇವ ನೋಡುತ್ತಾರೆ. ಬೋರಲಿಂಗಯ್ಯನ ಬೆರಳಿಗೆ ಒದ್ದೆಯೂ ಒಂದೇ, ಒಣಗಿದ್ದೂ ಒಂದೇ. ಹಾಗಾಗಿ ಯಾರೂ ಇಲ್ಲದಾಗ ಬೇಸಿನ್ ಕೆಳಗೆ ತಲೆ ತೂರಿಸಿ ನಟ್ಟಿಗೆ ಕೆನ್ನೆ ಒತ್ತುತ್ತಿದ್ದ. ಕೆನ್ನೆ ಸುಳ್ಳು ಹೇಳುತ್ತಿರಲಿಲ್ಲ. ಮನೆಯವರು ಎದುರಿಗೆ ನಿಂತರೆ ಮಾತ್ರ ನಾಚಿಕೆಯಾಗಿ, ಅಂದಾಜಿನ ಮೇಲೆ ಎದ್ದುಬಿಡುತ್ತಿದ್ದ. ಹೀಗೆ ಎರಡು ಮನೆಯಿಂದ ದೂರು ಬಂತು.

"ಬೋರಣ್ಣ, ಇನ್ನೊಂದು ಕಂಪ್ಲೇಂಟ್ ಬಂದ್ರೆ ನಾನು ಕರ‍್ಯಾಕಿಲ್ಲ ಕಣಣ್ಣ," ಎಂದಿದ್ದ ನಟರಾಜು.

ಆ ಸೋಮವಾರ ವೆಂಕಟಲಕ್ಷ್ಮಮ್ಮನವರ ಮನೆ. ಬಾತ್‌ರೂಮಿನ ವಾಷ್‌ಬೇಸಿನ್ ಕೆಳಗೆ ತಣ್ಣೀರು, ಬಿಸಿನೀರು ಎರಡೂ ಪೈಪಿನ ಜೋಡಣೆ ಸೋರುತ್ತಿತ್ತು. ಹೊಸ ವಾಷರ್ ಹಾಕಿ, ಟೇಪ್ ಸುತ್ತಿ, ಸ್ಪಾನರಿನಿಂದ ಬಿಗಿದ. ತಣ್ಣೀರಿನ ಕಡೆಗೆ ಕೆನ್ನೆ ಒತ್ತಿ ನೋಡಿದ, ಒಣಗಿತ್ತು. ಬಿಸಿನೀರಿನ ಕಡೆಗೆ ಹೊರಳುವಷ್ಟರಲ್ಲಿ ಆಕೆ ಒಳಗೆ ಬಂದರು.

"ಗೀಸರ್ ಹಾಕೇ ಐತೆ. ಬಿಸಿನೀರು ಬುಡ್ತೀನಿ, ನೋಡಪ್ಪ," ಎಂದು ಗೀಸರಿನ ವಾಲ್ವನ್ನೂ ಬೇಸಿನ್ ನಲ್ಲಿಯನ್ನೂ ತಿರುಗಿಸಿದರು.

ಬೋರಲಿಂಗಯ್ಯ ಆಕೆಯ ಮುಖವನ್ನೇ ನೋಡುತ್ತ, ಎಲ್ಲರ ಹಾಗೆ ನಟ್ಟಿನ ಸುತ್ತ ಬೆರಳು ಸವರಿದ. "ಒಂದು ತೊಟ್ಟೂ ಇಲ್ಲ ಕಣವ್ವ," ಎಂದ.

ಆಕೆ ಬಗ್ಗಿ ನೋಡಿ ಕಿರುಚಿಕೊಂಡರು. "ಅಯ್ಯೋ, ಕೈ ತೆಗಿಯಪ್ಪ! ನೀರು ಸೋರಿ ಹೊಗೆಯಾಡ್ತಾ ಐತೆ!"

ತಟ್ಟನೆ ವಾಲ್ವ್ ನಿಲ್ಲಿಸಿದರು. ಅವನ ನಾಲ್ಕೂ ಬೆರಳು ಬೆಂದು ಕೆಂಪಗಾಗಿದ್ದವು.

"ಉರಿಯಾಕಿಲ್ವಾ ನಿಂಗೆ?"

ಅವನು ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ. ಆಕೆ ಬೈದಿದ್ದರೆ ಚೆನ್ನಾಗಿತ್ತು. ಕಣ್ಣಲ್ಲಿ ನೀರು ತಂದುಕೊಂಡು ಅಲ್ಲೇ ಅಂಗಡಿಗೆ ಫೋನ್ ಮಾಡಿದರು. "ನಟರಾಜು, ಪಾಪ, ಈಯಪ್ಪನ ಕೈಗೆ ಬಿಸಿ ತಣ್ಣಗೆ ಒಂದೂ ತಿಳಿಯಾಕಿಲ್ಲ ಕಣಪ್ಪ. ಇಂಥ ಕೆಲ್ಸಕ್ಕೆ ಕಳಿಸ್ಬ್ಯಾಡ, ನಿಂಗೆ ಪುಣ್ಯ ಬತ್ತದೆ."

ಆ ಕಡೆಯ ದನಿ ಬೋರಲಿಂಗಯ್ಯನಿಗೂ ಕೇಳಿಸಿತು. "ಇವತ್ತಿಂದು ಮುಗಿಸಿ ಮನೆಗೋಗಕ್ಕೆ ಹೇಳಕ್ಕ. ನಾಳೆಯಿಂದ ಬರೋದು ಬ್ಯಾಡ."

ಆಕೆ ದೂರು ಕೊಟ್ಟಿದ್ದರೆ ನಟರಾಜುವಿನ ಕೈಕಾಲು ಹಿಡಿದು ಇನ್ನೊಂದೇ ಸಲ ಎನ್ನಬಹುದಿತ್ತು. ಕನಿಕರಕ್ಕೆ ಏನೆಂದು ಉತ್ತರ ಹೇಳುವುದು?

ಬೋರಲಿಂಗಯ್ಯ ಎದ್ದು ಹೋಗಲಿಲ್ಲ. ಬಿಸಿನೀರಿನ ಕಡೆಯ ನಟ್ಟನ್ನು ಇನ್ನೊಂದು ಸುತ್ತು ಬಿಗಿದ. "ನೀರು ಬುಡವ್ವ," ಎಂದ. ಆಕೆ ನೋಡುತ್ತಿರುವಂತೆಯೇ ಬೇಸಿನ್ ಕೆಳಗೆ ತಲೆ ತೂರಿಸಿ ಕಾದ ನಟ್ಟಿಗೆ ಕೆನ್ನೆ ಒತ್ತಿದ. ಚುರ‍್ರೆಂದು ಸುಟ್ಟಿತು. ಒಂದು ತೊಟ್ಟೂ ಸೋರುತ್ತಿರಲಿಲ್ಲ.