ಗೋಡೆಗೆ ಬಣ್ಣ ಆರಿಸಿದ ಸಮಿತಿ

ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ಸ್ಥಳ: ನಮ್ಮೂರ ಬಸ್‌ಸ್ಟ್ಯಾಂಡಿನ ಉದ್ದ ಗೋಡೆಯ ಎದುರು. ಹಾಜರಿದ್ದವರು: ನಾನು, ಕುರ್ಚಿಯ ಕೆಳಗೆ ಮಲಗಿದ್ದ ಒಂದು ಬೆಕ್ಕು, ಮತ್ತು ಬಿಳಿ ಬಟ್ಟೆ ಹೊದ್ದುಕೊಂಡ ಗೋಡೆ. ಚಿತ್ರದ ಉದ್ಘಾಟನೆ ಒಂಬತ್ತೂವರೆಗೆ ಎಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ಅದನ್ನು ನಂಬಿದವಳು ನಾನೊಬ್ಬಳೇ. ಬೆಕ್ಕು ರಾತ್ರಿಯಿಂದಲೇ ಅಲ್ಲಿತ್ತು.

ನಾನು ಕನ್ಯಾಸ್ತ್ರೀಯರ ಬೋರ್ಡಿಂಗಿನಲ್ಲಿ ಬೆಳೆದವಳು. ಅಲ್ಲಿ ಏಳುವುದಕ್ಕೊಂದು ಗಂಟೆ, ಊಟಕ್ಕೊಂದು ಗಂಟೆ, ಮಾತು ನಿಲ್ಲಿಸುವುದಕ್ಕೂ ಒಂದು ಗಂಟೆ. ಆಮೇಲೆ ಟೀಚರಾಗಿ ನಾನೇ ಗಂಟೆ ಹೊಡೆಸಿದೆ. ನಿವೃತ್ತಳಾದ ಮೇಲೆ ಗಂಟೆ ನಿಂತಿತು, ಅಭ್ಯಾಸ ನಿಲ್ಲಲಿಲ್ಲ. ಎಲ್ಲಿಗಾದರೂ ಹೇಳಿದ ಹೊತ್ತಿಗೆ ಹೋಗುವವರಿಗೆ ನಮ್ಮಲ್ಲಿ ಒಂದು ಶಿಕ್ಷೆ ಉಂಟು: ಸಮಿತಿಯ ಸಂಚಾಲಕರನ್ನಾಗಿ ಮಾಡುತ್ತಾರೆ. ಈ ಗೋಡೆಯ ಮೇಲೆ ಚಿತ್ರ ಬರೆಸಲು ಪಂಚಾಯತಿನವರು ಸಮಿತಿ ಮಾಡಿದಾಗ, ನಿಮಗೆ ಕಲೆಯ ಬಗ್ಗೆ ಏನು ಗೊತ್ತು ಎಂದು ನನ್ನನ್ನು ಯಾರೂ ಕೇಳಲಿಲ್ಲ. "ಟೀಚರ್ ಇದ್ರೆ ಬಾಗಿಲಾದ್ರೂ ಸಮಯಕ್ಕೆ ತೆರೀತದೆ" ಎಂದರಂತೆ ಅಧ್ಯಕ್ಷೆ ಗಿರಿಜಕ್ಕ. ಅಷ್ಟು ಅರ್ಹತೆ ಸಾಕಾಯಿತು.

ಉದ್ಘಾಟನೆ ಮಾಡಬೇಕಾದ ದೊಡ್ಡವರು ಬರುವುದಕ್ಕೆ ಇನ್ನೂ ಬಹಳ ಹೊತ್ತಿರುವುದರಿಂದ ಈ ಗೋಡೆಯ ಕಥೆ ಹೇಳಿಬಿಡುತ್ತೇನೆ. ಪಂಚಾಯತಿನ ದುಡ್ಡಿನಲ್ಲಿ ಕಲೆ ಬೆಳೆಸಲು ಹೊರಟ ಬೇರೆ ಊರಿನವರಿಗೆ ಉಪಯೋಗಕ್ಕೆ ಬಂದೀತು.

ಹೆದ್ದಾರಿ ಅಗಲವಾದಾಗ ನಮ್ಮ ಪೇಟೆ ಸಪುರವಾಯಿತು. ಗೋಳಿಮರ ಹೋಯಿತು. ಅದರ ಬುಡದಲ್ಲಿ ಕೂದಲು ಬೆಳ್ಳಗಾಗುವ ತನಕ ಮೀನು ಮಾರಿದ ಕಮಲಕ್ಕನ ಜಾಗವೂ ಹೋಯಿತು. ಜಾಗ ಇದ್ದವರಿಗೆ ಪರಿಹಾರ ಬಂತು, ನೆರಳು ಇದ್ದವರಿಗೆ ಬರಲಿಲ್ಲ. ಕಮಲಕ್ಕ ಯಾರ ಹತ್ತಿರವೂ ಜಗಳವಾಡದೆ, ಹಳೆಯ ಕೊಡೆಯೊಂದನ್ನು ಬಿಡಿಸಿಕೊಂಡು ಹೊಸ ಗೋಡೆಯ ಬುಡಕ್ಕೆ ಬಂದು ಕೂತರು.

ಗೋಡೆ ಬರಿದಾಗಿತ್ತು ಎಂದುಕೊಳ್ಳಬೇಡಿ. ನಮ್ಮ ಕಡೆ ಬರಿಗೋಡೆ ಎಂಬುದೇ ಇಲ್ಲ. ಸುಣ್ಣ ಒಣಗುವ ಮೊದಲೇ ಯಾವುದಾದರೊಂದು ಪಕ್ಷದವರು ಈ ತುದಿಯಿಂದ ಆ ತುದಿಗೆ ಬಾಣ ಎಳೆದು, ನಡುವೆ 'ಬುಕ್ಡ್' ಎಂದು ಬರೆದು ಹೋಗಿರುತ್ತಾರೆ. ಚುನಾವಣೆ ಬಂದಾಗ ಅಲ್ಲಿ ಅವರ ಹುರಿಯಾಳಿನದ್ದೇ ಹೆಸರು. ಒಬ್ಬರು ಬುಕ್ ಮಾಡಿದ್ದನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಅಣ್ಣತಮ್ಮಂದಿರೊಳಗೆ ಬೇಲಿ ಸರಿಸುವವರೂ ಎದುರುಪಕ್ಷದ ಗೋಡೆಗೆ ಮರ್ಯಾದೆ ಕೊಡುತ್ತಾರೆ. ಎಲ್ಲ ಪಕ್ಷದವರನ್ನೂ ಕೂರಿಸಿ, ಚಹಾ ಕುಡಿಸಿ, ಈ ಗೋಡೆಯನ್ನು ಬಿಡಿಸಿಕೊಂಡೆವು. ಅಂದು ನನಗೆ ನಮ್ಮೂರಿನ ಮೇಲೆ ಹೆಮ್ಮೆ ಬಂತು. ಮುಂದಿನ ಸಭೆಯ ತನಕ ಅದು ಉಳಿಯಿತು.

ಚಿತ್ರ ಬರೆಯಲು ಬಂದವಳು ಶಾಲಿನಿ. ಪೈವಳಿಕೆ ಕಡೆಯವಳು, ಚಿತ್ರಕಲೆಯನ್ನೇ ಓದಿದವಳು, ಮಾತು ಕಡಿಮೆ. ಅವಳು ತೋರಿಸಿದ ನಕ್ಷೆಯಲ್ಲಿ ದೇವರಿರಲಿಲ್ಲ, ಕೋಟೆಯಿರಲಿಲ್ಲ, ಆನೆಯಿರಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಕಾದು ನಿಂತ ಹೆಂಗಸರಿದ್ದರು. ಒಬ್ಬಳು ನರ್ಸು, ಒಬ್ಬಳು ಬೀಡಿಯ ಕಟ್ಟು ಹಿಡಿದವಳು, ಇಬ್ಬರು ಕಾಲೇಜು ಹುಡುಗಿಯರು, ನಡುವೆ ಮೀನಿನ ಬುಟ್ಟಿ ಇಟ್ಟುಕೊಂಡು ಕೂತ ಒಬ್ಬ ಮುದುಕಿ. ನೋಡಿದೊಡನೆ ನನಗೆ ಇಷ್ಟವಾಯಿತು. ಇಷ್ಟವಾದದ್ದು ಸಮಿತಿಯಲ್ಲಿ ಉಳಿಯುವುದಿಲ್ಲ ಎಂದು ಆಗ ಗೊತ್ತಿರಲಿಲ್ಲ.

ಮೊದಲು ಮಾತೆತ್ತಿದವರು ಮೆಂಬರ್ ಮೊಯ್ದುಚ್ಚ. "ಚಿತ್ರ ಒಳ್ಳೇದುಂಟು ಟೀಚರೇ. ಆದ್ರೆ ಆ ನರ್ಸಿನ ಕೊಡೆ ಹಸಿರಲ್ವಾ? ನಾಳೆ ನಾವೇ ಹೇಳಿ ಹಾಕಿಸಿದ್ದು ಅಂತಾರೆ. ನಮಗೆ ಬೇಡಪ್ಪ."

"ಹಾಗಾದ್ರೆ ಬೀಡಿಯವಳ ಕೆಂಪು ರವಕೆಯೂ ಬೇಡ" ಎಂದರು ಇನ್ನೊಬ್ಬ ಮೆಂಬರ್ ನಾರಾಯಣಣ್ಣ. ಅವರ ಪಕ್ಷದ ಬಣ್ಣ ಅದೇ, ಹಸಿರು ಮೊಯ್ದುಚ್ಚರ ಪಕ್ಷದ್ದು.

"ಈ ಹುಡುಗಿಯ ತಲೇಲಿ ಕೇಸರಿ ಎಂತದು?" ಗಿರಿಜಕ್ಕ ಕನ್ನಡಕ ಏರಿಸಿದರು.

"ಅಬ್ಬಲಿಗೆ ಹೂ, ಅಕ್ಕ" ಎಂದಳು ಶಾಲಿನಿ.

"ಬೇರೆ ಬಣ್ಣದ್ದು ಹಾಕ್ಲಿಕ್ಕಾಗುದಿಲ್ವಾ?"

"ಅಬ್ಬಲಿಗೆ ಮತ್ತೆ ಯಾವ ಬಣ್ಣದ್ದು ಇರ್ತದೆ ಅಕ್ಕ?"

"ಮಲ್ಲಿಗೆ ಮುಡಿಸು ಮಾರಾಯ್ತಿ. ಮಲ್ಲಿಗೆಗೆ ಪಕ್ಷ ಇಲ್ಲ."

ಹೀಗೆ ಒಂದು ಮಧ್ಯಾಹ್ನದೊಳಗೆ ಕಾಮನಬಿಲ್ಲು ಖಾಲಿಯಾಯಿತು. ನಮ್ಮ ಹಿರಿಯರು ಈ ನೆಲದ ಕೆಮ್ಮಣ್ಣು, ಈ ಕಡಲಿನ ಚಿಪ್ಪಿನ ಸುಣ್ಣ, ಇವೆರಡರಿಂದಲೇ ದೇವಸ್ಥಾನದ ಗೋಡೆಗಳನ್ನು ತುಂಬಿಸಿದರು. ಕಾವಿ ಎಂದು ಆ ಕೆಲಸದ ಹೆಸರು. ಆ ಕೆಂಪು ಯಾರದ್ದೆಂದು ಆಗ ಯಾರೂ ಕೇಳಲಿಲ್ಲ. ಆ ಕೆಂಪು ಕೊಟ್ಟ ಮುರಕಲ್ಲು ಯಾವ ಪಕ್ಷಕ್ಕೂ ಸೇರಿರಲಿಲ್ಲ. ಶಾಲಿನಿಗೆ ಇದನ್ನೇ ಹೇಳಿದೆ. ಅವಳು ನಕ್ಷೆ ಸುತ್ತಿಟ್ಟು, "ಮಣ್ಣಿನ ಬಣ್ಣದಲ್ಲೇ ಮಾಡ್ತೇನೆ ಟೀಚರ್. ನನಗೆ ಮುಖ ಸಾಕು" ಎಂದಳು.

ಮುಖ ಸಾಕು ಎಂದವಳು ಮುಖಗಳನ್ನು ಬರೆದಳು. ಒಂದು ತಿಂಗಳು ಬಿಸಿಲಲ್ಲಿ ನಿಂತು ಬರೆದಳು. ನಡುವಿನ ಮುದುಕಿಗೆ ಎದುರಿಗೇ ಕೂತಿದ್ದ ಕಮಲಕ್ಕನ ಮುಖ ಬಂತು. ಬಾರದೆ ಇನ್ನೇನು? ಗಿರಾಕಿ ಕಡಿಮೆ ಕೇಳಿದಾಗ ಕಮಲಕ್ಕ ಒಂದು ಹುಬ್ಬು ಎತ್ತುತ್ತಾರೆ, ಆ ಹುಬ್ಬು ಸಮೇತ ಬಂತು. ಬಸ್ಸಿನ ಕಂಡಕ್ಟರುಗಳು ಗುರುತು ಹಿಡಿದು ಕೂಗಿದರು. ಕಮಲಕ್ಕ ಊರವರೊಡನೆ ತುಳು, ನನ್ನೊಡನೆ ಮಾತ್ರ ಕನ್ನಡ. "ನನ್ನದೊಂದು ಒಳ್ಳೆ ಫೋಟೋ ಇರ್ಲಿಲ್ಲ ಟೀಚರೇ. ರೇಷನ್ ಕಾರ್ಡಿದು ನೋಡಿದ್ರೆ ನನಗೇ ಹೆದರಿಕೆ ಆಗ್ತದೆ. ಸತ್ತ ಮೇಲೆ ಎಂತ ಇಡ್ತಾರೆ ಅಂತ ಗ್ರಹಿಸ್ತಾ ಇದ್ದೆ. ಈಗ ನೋಡಿ!" ಕಡಲ ಬದಿಯಿಂದ ತಂಗಿಯನ್ನೂ ನಾದಿನಿಯನ್ನೂ ಕರೆತಂದು ತೋರಿಸಿದರು. ದಿನಾ ಬೆಳಿಗ್ಗೆ ಬುಟ್ಟಿ ಇಳಿಸುವ ಮೊದಲು ಸೆರಗಿನಿಂದ ಚಿತ್ರದ ಧೂಳು ಒರಸುತ್ತಿದ್ದರು. ತಮ್ಮ ಮುಖದ್ದು ಮಾತ್ರವಲ್ಲ, ನರ್ಸಿನದ್ದೂ.

ನನ್ನ ಚಿಕ್ಕಂದಿನಲ್ಲಿ ನಮ್ಮ ಇಗರ್ಜಿಗೆ ಬಂದ ಚಿತ್ರಗಾರನೊಬ್ಬ ಸಂತ ಪೇತ್ರರಿಗೆ ನಮ್ಮ ಕಡವಿನ ದೋಣಿಯವನ ಮುಖ ಕೊಟ್ಟುಬಿಟ್ಟಿದ್ದ. ದೋಣಿಯವ ಕುಡುಕ. ಆದರೆ ಸ್ವರ್ಗದ ಬೀಗದಕೈ ಹಿಡಿದು ನಿಂತ ತನ್ನನ್ನು ಪ್ರತಿ ಆದಿತ್ಯವಾರ ನೋಡಿ ನೋಡಿ, ಆದಿತ್ಯವಾರವಾದರೂ ಕುಡಿಯುವುದನ್ನು ಬಿಟ್ಟ. ಪಾದ್ರಿಗಳ ಉಪದೇಶದಿಂದ ಆಗದ್ದು ಒಂದು ಚಿತ್ರದಿಂದ ಆಯಿತು. ಮನುಷ್ಯನಿಗೆ ತನ್ನ ಮುಖವನ್ನು ದೊಡ್ಡದಾಗಿ ತೋರಿಸಿದರೆ ಅವನು ಅದಕ್ಕೆ ತಕ್ಕ ಹಾಗೆ ಇರಲು ನೋಡುತ್ತಾನೆ. ಸಾರ್ವಜನಿಕ ಕಲೆಯಿಂದ ಇದಕ್ಕಿಂತ ದೊಡ್ಡ ಉಪಕಾರ ನನಗೆ ಗೊತ್ತಿಲ್ಲ. ಅಂದು ಇಗರ್ಜಿಯಲ್ಲಿ ಸಮಿತಿ ಇರಲಿಲ್ಲ.

ನಮ್ಮಲ್ಲಿ ಇತ್ತು. ಸ್ಥಳೀಯ ಚುನಾವಣೆ ಹತ್ತಿರ ಬಂತು. ಕಮಲಕ್ಕನ ತಂಗಿಯ ಮಗ ಒಂದು ಪಕ್ಷಕ್ಕೆ ಬೂತಿನಲ್ಲಿ ಕೂರುವವನು. ಗೋಡೆಯಲ್ಲಿ ಅವನ ದೊಡ್ಡಮ್ಮ ಇದ್ದರೆ ಅದು ಪ್ರಚಾರವಲ್ಲದೆ ಇನ್ನೇನು ಎಂದು ಒಬ್ಬರು ಕೇಳಿದರು. ಮೀನಿನವಳು ಇರಬಹುದಾದರೆ ಹೊಟ್ಟೆಗಿಲ್ಲದೆ ಬೀಡಿ ಕಟ್ಟಿದ ನನ್ನ ತಾಯಿಯ ಮುಖ ಯಾಕಿಲ್ಲ ಎಂದು ಇನ್ನೊಬ್ಬರು ಕೇಳಿದರು. ಎರಡನೆಯದು ಒಳ್ಳೆಯ ಪ್ರಶ್ನೆ. ಅದಕ್ಕೆ ಒಳ್ಳೆಯ ಉತ್ತರ ಇನ್ನೊಂದು ಗೋಡೆ. ಸಮಿತಿಯ ಉತ್ತರ ಅದಾಗಿರಲಿಲ್ಲ.

"ಯಾರದ್ದೂ ಮುಖ ಬೇಡ, ತಲೆಬಿಸಿಯೂ ಬೇಡ" ಎಂದರು ನಾರಾಯಣಣ್ಣ.

"ಮುಖ ಇಲ್ಲದ ಹೆಂಗಸರಾ? ಮಕ್ಕಳು ಹೆದರುದಿಲ್ವಾ?" ಎಂದೆ ನಾನು.

ಗಿರಿಜಕ್ಕನಿಗೆ ಹೊಳೆಯಿತು. "ಎಲ್ಲರ ಎದುರಿಗೂ ಒಂದೊಂದು ಕೊಡೆ ಬಿಡಿಸಿದ್ರೆ? ನಮ್ಮೂರಲ್ಲಿ ಹೇಗೂ ಮಳೆ ಜಾಸ್ತಿ."

ಎಲ್ಲರಿಗೂ ಸಮಾಧಾನವಾಯಿತು. ಕೊಡೆ ಕಪ್ಪು ಇರಲಿ ಎಂದು ಯಾರೋ ಅಂದಾಗ ಮೊಯ್ದುಚ್ಚ ಬೆಚ್ಚಿಬಿದ್ದರು. "ಕಪ್ಪಾ? ಉದ್ಘಾಟನೆಗೆ ದೊಡ್ಡವರು ಬರುವಾಗ ಕಪ್ಪು ತೋರಿಸುದಾ? ಕರಿಪತಾಕೆ ಅಂತ ಪೊಲೀಸರು ಗೋಡೆಯನ್ನೇ ಎಳ್ಕೊಂಡು ಹೋಗ್ಯಾರು!" ಕೊಡೆಗೆ ಬೂದಿಬಣ್ಣ ಎಂದು ತೀರ್ಮಾನವಾಯಿತು. ನಾನು ವಿರೋಧಿಸಿದೆ. ಸಂಚಾಲಕಿಯ ವಿರೋಧವನ್ನು ಗೌರವದಿಂದ ಗಮನಿಸಲಾಯಿತು. ಚಹಾ ಬಂತು.

ಬೋರ್ಡು ಬರೆಯುವವನನ್ನು ಕರೆಸಿ ಮುಗಿಸುತ್ತೇವೆ ಎಂದಾಗ ಶಾಲಿನಿ ಒಪ್ಪಲಿಲ್ಲ. "ಬೇರೆಯವರ ಕೈ ಬೀಳುದು ಬೇಡ ಟೀಚರ್. ನಾನೇ ಮುಚ್ತೇನೆ." ನಿನ್ನೆ ಸಂಜೆ ಕೊನೆಯದಾಗಿ ಕಮಲಕ್ಕನನ್ನು ಮುಚ್ಚಿದಳು. ಕೊಡೆ ಬಹಳ ಚೆನ್ನಾಗಿ ಬಂದಿತ್ತು. ಕಡ್ಡಿಗಳು, ಹೊಲಿಗೆ, ತುದಿಯಲ್ಲಿ ಒಂದು ತೇಪೆ. ಬ್ರಷ್ ತೊಳೆದು, ಇಂದು ಬರುವುದಿಲ್ಲ ಎಂದು ಹೇಳಿ ಹೋದಳು.

ದೊಡ್ಡವರು ಬಂದಾಗ ಬಿಸಿಲು ನೆತ್ತಿಗೇರಿತ್ತು. ಬಟ್ಟೆ ಎಳೆದರು. ಗೋಡೆಯ ತುಂಬ ಬೂದಿಬಣ್ಣದ ಕೊಡೆಗಳು, ಕೊಡೆಗಳ ಕೆಳಗೆ ಕಾಲುಗಳು. ಚಪ್ಪಾಳೆ ಬಿತ್ತು. ನಮ್ಮೂರ ಹೆಣ್ಣುಮಕ್ಕಳ ದುಡಿಮೆಯನ್ನು ಕಲಾವಿದೆ ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದ್ದಾರೆ ಎಂದು ದೊಡ್ಡವರು ಹೇಳಿದರು. ಕಲಾವಿದೆಯ ಹೆಸರು ಕೇಳಲು ಒಮ್ಮೆ ನನ್ನ ಕಡೆ ಬಗ್ಗಿದರು.

ಜನ ಕರಗಿದ ಮೇಲೆ ಕಮಲಕ್ಕ ಬುಟ್ಟಿಯೊಡನೆ ಬಂದರು. ಕೊಡೆಯ ಎದುರು ನಿಂತರು. ಸೆರಗು ಕೈಯಲ್ಲಿತ್ತು, ಒರಸಲಿಲ್ಲ.

"ಕೊಡೆ ಆದ್ರೂ ನಂದಾ ಟೀಚರೇ?"

ಅದರ ಬಗ್ಗೆ ಸಮಿತಿಯಲ್ಲಿ ತೀರ್ಮಾನವಾಗಿರಲಿಲ್ಲ. "ನಿಮ್ದೇ" ಎಂದೆ.

"ತೇಪೆ ನಂದೇ. ಆ ಹುಡುಗಿ ನೋಡಿದ್ದಾಳೆ" ಎಂದು ಕೂತು ಮೀನಿಗೆ ನೀರು ಚಿಮುಕಿಸಿದರು.

ಆಗ ನಾನು ತಲೆಯೆತ್ತಿದೆ. ಗೋಡೆಯ ಮುಂದೆಯೇ ಎರಡು ಕಂಬಗಳ ನಡುವೆ, ಬೆಳಿಗ್ಗೆ ನಾನು ಬಂದಾಗ ಇರದಿದ್ದ ಕಾರ್ಯಕ್ರಮದ ಫ್ಲೆಕ್ಸ್ ಕಟ್ಟಿದ್ದರು. ದೊಡ್ಡವರು ಆಳೆತ್ತರಕ್ಕೆ, ಪಕ್ಕದಲ್ಲಿ ಗಿರಿಜಕ್ಕ, ಕೆಳಗೆ ನಾರಾಯಣಣ್ಣ, ಮೊಯ್ದುಚ್ಚ, ಮೂಲೆಯಲ್ಲಿ ನಾನು. ಹಸಿರು, ಕೆಂಪು, ಕೇಸರಿ ಎಲ್ಲ ಬಣ್ಣವೂ ಇತ್ತು. ಯಾರ ಮುಖವೂ ಬೇಡ ಎಂದ ಸಮಿತಿಯಲ್ಲಿ ಮುಖವಿಲ್ಲದವರು ಒಬ್ಬರೂ ಇರಲಿಲ್ಲ. ನಮ್ಮೂರಿನ ಸಾರ್ವಜನಿಕ ಕಲೆ ಯಾವುದು ಎಂದು ನನಗೆ ಅರ್ಥವಾಯಿತು. ಅದಕ್ಕೆ ಸಭೆ ಬೇಡ, ಚರ್ಚೆ ಬೇಡ, ಆಕ್ಷೇಪವೂ ಇಲ್ಲ.

ಮನೆಗೆ ಹೋಗಿ ಊಟ ಮಾಡಿದೆ, ಅರ್ಧ ಗಂಟೆ ಮಲಗಿದೆ. ಸಂಜೆ ಐದಕ್ಕೆ ತಿರುಗಿ ಬಂದೆ.

"ಕತ್ತಿ ಉಂಟಾ ಕಮಲಕ್ಕ?"

"ಎಂತಕ್ಕೆ?"

"ನನ್ನ ಮುಖ ತೆಗೀಲಿಕ್ಕೆ."

ಕಮಲಕ್ಕ ನನ್ನನ್ನೂ ಫ್ಲೆಕ್ಸನ್ನೂ ನೋಡಿ, ಬಾಯಲ್ಲಿದ್ದ ವೀಳ್ಯ ಉಗುಳಿ ಬಂದು ನಕ್ಕರು. ಮೀನು ಕೊಯ್ಯುವ ಕತ್ತಿ ಕೊಟ್ಟರು. ಕಾರ್ಯಕ್ರಮದ ಕುರ್ಚಿಯೊಂದು ಉಳಿದಿತ್ತು. ಅದರ ಮೇಲೆ ಹತ್ತಿ ಕೊಯ್ಯತೊಡಗಿದೆ.

"ಕಿವಿ ಬಿಟ್ಟುಹೋಯ್ತು ನೋಡಿ! ಗುಂಡಗೆ ಬೇಡ ಟೀಚರೇ, ಚೌಕ ತೆಗೀರಿ. ಬುಟ್ಟಿಗೆ ಮುಚ್ಲಿಕ್ಕೆ ಆಗ್ತದೆ."

ಚೌಕವಾಗಿ ತೆಗೆದು ಕೊಟ್ಟೆ. ಉಳಿದ ಬೂತಾಯಿ ಮೀನಿನ ಮೇಲೆ ಅದನ್ನು ಹಾಸಲು ಹೊರಟಾಗ, ಮುಖ ಒಳಗೆ ಮಾಡಿ ಎಂದೆ.

"ಮೇಲೆಯೇ ಇರ್ಲಿ ಟೀಚರೇ" ಎಂದರು ಕಮಲಕ್ಕ. "ಈ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವ ಒಬ್ಬ ಹೆಂಗಸಿನ ಮುಖವಾದ್ರೂ ಕಾಣ್ಲಿ."

ಹಾಗೇ ಮುಚ್ಚಿ, ಸುತ್ತ ಹಗ್ಗ ಬಿಗಿದು, ಕಡಲ ಕಡೆಗೆ ಹೋಗುವ ಬಸ್ಸಿಗೆ ಇಬ್ಬರೂ ಸೇರಿ ಬುಟ್ಟಿ ಹತ್ತಿಸಿದೆವು. ಇಂದಿನ ನನ್ನ ಕೊನೆಯ ಕೆಲಸ ಅದು.