ರವಿವಾರದ ವೈರಿಂಗ್

ಅಚ್ಚುಕಟ್ಟಿಲ್ಲದ ವೈರಿಂಗ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಿಂಪ್ರಿ ಕಡೆಯ ಒಂದು ಕಾರ್ಖಾನೆಯಲ್ಲಿ ಕಾರಿನ ವೈರುಗಳನ್ನು ಹಲಗೆಯ ಮೇಲೆ ಹಾಸಿ, ಮೊಳೆಯಿಂದ ಮೊಳೆಗೆ ಎಳೆದು, ಕಪ್ಪು ಟೇಪು ಸುತ್ತುವುದರಲ್ಲೇ ನನ್ನ ಹರೆಯ ಕಳೆಯಿತು. ನಿವೃತ್ತಿಯಾದ ಮೇಲೆ ಕೈಗೆ ಕೆಲಸವಿರಲಿಲ್ಲ, ಬಾಯಿಗೂ ಇರಲಿಲ್ಲ. ಯಜಮಾನರು ತೀರಿಕೊಂಡಿದ್ದರು, ಬಿಬವೇವಾಡಿಯ ಎರಡು ಕೋಣೆಗಳಲ್ಲಿ ನಾನೊಬ್ಬಳೇ. ಮೆಟ್ಟಿಲಿಳಿದರೆ ಎಲ್ಲರ ಜೊತೆಗೂ ಮರಾಠಿ. ನನ್ನ ಕನ್ನಡ ಹೊರಗೆ ಬರುತ್ತಿದ್ದುದು ಉಕ್ಕಿದ ಹಾಲಿಗೆ ಬೈಯುವಾಗ ಮಾತ್ರ.

ಒಂದು ರವಿವಾರ ಬೆಳಿಗ್ಗೆ ಕಸ ಚೆಲ್ಲಲು ಹೋದವಳು ಪಾರ್ಕಿಂಗಿನಲ್ಲಿ ನಿಂತುಬಿಟ್ಟೆ. ನಮ್ಮ ಕಟ್ಟಡದ ಪಕ್ಕದ ವಿಂಗಿನ ಹಿರಿಯರೊಬ್ಬರು ತಮ್ಮ ಹಳೆಯ ಕಾರಿನ ಬಾಗಿಲು ತೆರೆದು ಸಪ್ಪೆ ಮೋರೆ ಹಾಕಿಕೊಂಡು ಕೂತಿದ್ದರು. ಸೀರೆ ಅಂಗಡಿ ನಡೆಸುತ್ತಿದ್ದವರು, ಹೆಂಡತಿ ಹೋದ ಮೇಲೆ ಅದನ್ನು ತಮ್ಮನ ಮಗನಿಗೆ ಬಿಟ್ಟುಕೊಟ್ಟಿದ್ದಾರೆ ಎಂದಷ್ಟೇ ಕೇಳಿದ್ದೆ. ಕಾರಿಗೆ ಎಲ್ಲಿಯೋ ಹೊಸ ಸ್ಟೀರಿಯೋ, ಆಂಪ್ಲಿಫೈಯರ್ ಹಾಕಿಸಿದ್ದರು. ಸೀಟಿನ ಕೆಳಗಿಂದ ವೈರುಗಳು ಕರುಳಿನ ಹಾಗೆ ಜೋತುಬಿದ್ದಿದ್ದವು. ಹಾಡಿನ ಹಿಂದೆಯೇ ಕುಂಯ್ ಎನ್ನುವ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಏರುತ್ತಿತ್ತು.

"ಯಾವ ಕತ್ತಿ ಮಗ ಹಾಕ್ಯಾನ್ರಿ ಇದನ್ನ?" ನನ್ನ ಬಾಯಿಂದ ಬಂದೇಬಿಟ್ಟಿತು.

ಅವರು ತಟ್ಟನೆ ತಲೆಯೆತ್ತಿದರು. "ಅಕ್ಕಾರ, ನೀವು ನಮ್ಮ ಕಡಿಯವ್ರೇನ್ರಿ? ನಮ್ಮದು ವಿಜಯಪುರ."

ಅಷ್ಟು ಸಾಕಾಯಿತು. ಕಸದ ಬುಟ್ಟಿಯನ್ನು ಅಲ್ಲೇ ಇಟ್ಟು, ಮೇಲೆ ಹೋಗಿ ಟೇಪು, ಬೋಲ್ಟು ಬಿಗಿಯುವ ಪಾನಾ ತಂದೆ.

ಸ್ಟೀರಿಯೋ ಹಾಕಿದ ಪುಣ್ಯಾತ್ಮ ಬ್ಯಾಟರಿಯಿಂದ ಬರುವ ದಪ್ಪ ಕೆಂಪು ವೈರನ್ನೂ ಹಾಡು ಒಯ್ಯುವ ಸಣ್ಣ ವೈರುಗಳನ್ನೂ ಒಂದೇ ಕಟ್ಟಿನಲ್ಲಿ ಬಿಗಿದಿದ್ದ. ಎರಡನ್ನೂ ಜೊತೆಗೆ ಎಳೆದರೆ ಎಂಜಿನ್ನಿನ ಗೋಳು ಹಾಡಿಗೆ ಹತ್ತಿಕೊಳ್ಳುತ್ತದೆ. ಎಲ್ಲವನ್ನೂ ಬಿಚ್ಚಿದೆ. ಕೆಂಪು ವೈರನ್ನು ಡ್ರೈವರ್ ಬದಿಯ ಬಾಗಿಲ ಪಟ್ಟಿಯ ಕೆಳಗೆ, ಸಣ್ಣವನ್ನು ಆಚೆ ಬದಿಯ ಕಾರ್ಪೆಟ್ಟಿನಡಿ ಹಾಯಿಸಿದೆ. ತಗಡಿನ ತೂತಿಗೆ ರಬ್ಬರ್ ಬಳೆ ತೊಡಿಸಿದೆ. ಅವರು ಟಾರ್ಚು ಹಿಡಿದು ಪಕ್ಕದಲ್ಲಿ ಕೂತು ಮಾತಾಡುತ್ತಿದ್ದರು. ಕಾರಿನಲ್ಲಿ ಹಾಡು ಹಾಕಿಸೋಣ ಎಂದಾಗೆಲ್ಲ ಹೆಂಡತಿ, "ನಾ ಇದ್ದೀನಲ್ಲ, ಹಾಡ್ಯಾಕ ಬೇಕು?" ಎನ್ನುತ್ತಿದ್ದಳಂತೆ.

"ಈಗ ಗಾಡ್ಯಾಗ ಕೂತ್ರ ಭಾಳ ಬಿಕೋ ಅಂತದ್ರಿ," ಎಂದರು.

ನನ್ನ ಮನೆಯೂ ಹಾಗೇ ಎನ್ನುತ್ತದೆ ಎಂದು ಹೇಳಬೇಕೆನಿಸಿತು. ಇನ್ನೊಂದು ಸುತ್ತು ಟೇಪು ಸುತ್ತಿದೆ.

ಎರಡು ರವಿವಾರದ ಕೆಲಸ ಅದು. ಮಳೆಗಾಲ ಮುಗಿಯುವವರೆಗೂ ಎಳೆದೆ. ಒಂದು ವಾರ ಕ್ಲಿಪ್ಪು ಸರಿಯಿಲ್ಲ, ಇನ್ನೊಂದು ವಾರ ವೈರಿನ ತಿರುವು ಚೆನ್ನಾಗಿ ಕೂತಿಲ್ಲ. ಗೇಟಿನ ಹತ್ತಿರದ ಬೆಂಚಿನಲ್ಲಿ ಕೂರುವ ಹೆಂಗಸರು, ಇನ್ನೆಷ್ಟು ದಿನ ನಡೆಯುತ್ತೆ ಈ ಕೆಲಸ ಎಂದು ಮರಾಠಿಯಲ್ಲಿ ಕೇಳಿ, ತಮ್ಮ ತಮ್ಮಲ್ಲೇ ನಗುತ್ತಿದ್ದರು. ಕಾರಿನ ಬಾಗಿಲು ತೆರೆದಿದ್ದರೆ ನಾವು ರಿಪೇರಿಯಲ್ಲಿ ತೊಡಗಿದ ಇಬ್ಬರು ನೆರೆಯವರು. ಮುಚ್ಚಿದರೆ ಒಬ್ಬ ವಿಧವೆ, ಒಬ್ಬ ವಿಧುರ. ಇದು ನಮ್ಮಿಬ್ಬರಿಗೂ ಗೊತ್ತಿತ್ತು.

ಕೊನೆಗೂ ಮಾಡಲು ಏನೂ ಉಳಿಯಲಿಲ್ಲ. ಹಾಡು ತಿಳಿನೀರಿನಂತೆ ಬಂತು. "ಭಾಳ ಛಲೋ ಆತ್ರಿ," ಎಂದು ಅವರು ಹೇಳಿದರು, ಹೇಳಿದ್ದರಲ್ಲಿ ಸಂತೋಷವಿರಲಿಲ್ಲ. ಮುಂದಿನ ರವಿವಾರ ಕೆಳಗಿಳಿಯಲು ನನಗೆ ನೆವವೇ ಇರಲಿಲ್ಲ. ಕಿಟಕಿಯಲ್ಲಿ ನಿಂತೆ. ಅವರು ಬಂದು ಕಾರು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು, ಹೋದರು. ಆ ದಿನ ಅಡುಗೆ ಮಾಡಲು ಮನಸ್ಸಾಗಲಿಲ್ಲ.

ಅದರ ಮರುವಾರ ಕೆಳಗಿನಿಂದ ಕೂಗು ಕೇಳಿಸಿತು. "ಅಕ್ಕಾರ, ಮತ್ತ ಕುಂಯ್ ಅನ್ನಾಕತ್ತದ ನೋಡ್ರಿ!"

ಮೊದಲು ಸಿಟ್ಟೇ ಬಂತು. ನಾನು ಮಾಡಿದ ಕೆಲಸ ಕೈಕೊಡುವುದೇ? ದಡದಡ ಇಳಿದು ಹೋಗಿ ಸೀಟು ಸರಿಸಿದೆ. ಅರ್ಥಿಂಗ್ ವೈರು ಸಡಿಲಾದರೂ ಅದೇ ಸದ್ದು ಬರುತ್ತದೆ. ಅದನ್ನು ನಾನು ಬಣ್ಣ ಕೆರೆದ ತಗಡಿಗೆ ಕೂರಿಸಿ, ಬೋಲ್ಟನ್ನು ಮೈಯ ಬಲವೆಲ್ಲ ಹಾಕಿ ಬಿಗಿದಿದ್ದೆ. ಈಗ ಅದು ಬೆರಳಿಗೇ ತಿರುಗುತ್ತಿತ್ತು. ಅದರ ಅಂಚಿನಲ್ಲಿ ಪಾನಾದ ಹೊಸ ಗೀರುಗಳು. ಅವರ ಕಡೆ ನೋಡಿದೆ. ಅವರು ಕಾಂಪೌಂಡಿನ ಪೇರಲ ಗಿಡ ನೋಡುತ್ತಿದ್ದರು. ಅವರ ಬೆರಳೆಲ್ಲ ಕರಿಯಾಗಿತ್ತು.

"ಅಣ್ಣಾರ," ಎಂದೆ ಮೆಲ್ಲಗೆ, "ಬೋಲ್ಟಿಗೆ ಯಾಕ ಕೈ ಹಚ್ಚಿದ್ರಿ? ಸುಮ್ನ ಕರೀಬಾರದೇನ್ರಿ?"

"ಸುಮ್ನ ಹೆಂಗ ಕರೀಲ್ರಿ?" ಅವರ ಕಣ್ಣು ಬೆಂಚಿನ ಕಡೆ ಹೊರಳಿತು. "ನನಗೇನಂದ್ರೂ ನಡೀತದ. ಮಂದಿ ನಿಮಗ ಏನರ ಅಂದ್ರ?"

ಅವರ ಮಾತು ಸರಿಯಾಗಿತ್ತು. ಬಗ್ಗಿ ಬೋಲ್ಟನ್ನು ಬಿಗಿದೆ, ಕೈ ನೋಯುವಷ್ಟು. ಸದ್ದು ನಿಂತಿತು. ಹಾಡು ಚೊಕ್ಕವಾಗಿ ಕೇಳತೊಡಗಿತು.

"ಆತಲ್ರಿ," ಎಂದು ಅವರು ಸೀಟಿನ ಮೇಲಿದ್ದ ಟಾರ್ಚನ್ನು ಎತ್ತಿಕೊಂಡರು.

ನಾನು ಏಳಲಿಲ್ಲ. ಪಾನಾವನ್ನು ಮತ್ತೆ ಬೋಲ್ಟಿಗೆ ಕೂರಿಸಿ, ಅರ್ಧ ಸುತ್ತು ಸಡಿಲ ಮಾಡಿದೆ.

"ಆಕ್ಸಿಲರೇಟರ್ ಒತ್ತಿ ನೋಡ್ರಿ," ಎಂದೆ.

ಒತ್ತಿದರು. ಕುಂಯ್ ಎನ್ನುವುದು ಏರಿ ಬಂತು. ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ, ಇನ್ನೂ ಸದ್ದು ಹೋಗಿಲ್ಲವಲ್ಲ ಎಂದು ಬೆಂಚಿಗೆ ಕೇಳಿಸುವಂತೆ ಮರಾಠಿಯಲ್ಲಿ ಕೂಗಿ ಹೇಳಿದರು. ಹೌದು, ಮುಂದಿನ ರವಿವಾರ ಎಲ್ಲ ಬಿಚ್ಚಿಯೇ ನೋಡಬೇಕು ಎಂದು ನಾನೂ ಮರಾಠಿಯಲ್ಲೇ, ಅಷ್ಟೇ ಜೋರಾಗಿ ಹೇಳಿದೆ.