ಐದು ಕಾಡತೂಸಿನ ಬಂದೂಕು

ಸಂಸ್ಥಾನದ ಕಾಲದಲ್ಲಿ ಮಿರಜಿನ ಪೇಟೆಯಲ್ಲಿ ನನ್ನದೊಂದು ಬಂದೂಕು ರಿಪೇರಿಯ ಅಂಗಡಿ ಇತ್ತು. ಕೆಳಗೆ ಕಟ್ಟೆ, ಮರದ ಏಣಿ ಹತ್ತಿದರೆ ಅಟ್ಟದ ಮೇಲೆ ಕೆಲಸದ ಮೇಜು. ನಾನು ಹತ್ತಿರದ ಆರಗ ಎಂಬ ಹಳ್ಳಿಯ ಕನ್ನಡದವನು. ಗಿರಾಕಿಗಳೊಡನೆ ಮರಾಠಿ ಆಡುತ್ತಿದ್ದೆ, ಕೆಲಸದಲ್ಲಿ ಮುಳುಗಿದರೆ ಬಾಯಿಗೆ ಕನ್ನಡವೇ ಬರುತ್ತಿತ್ತು. ನನ್ನ ಕೈಗೆ ಬಗ್ಗದ ಬಂದೂಕಿಲ್ಲ ಎಂಬ ಸೊಕ್ಕು ಆಗ ತಲೆಗೇರಿತ್ತು.

ಸಾಂಗಲಿಯ ಅರಿಷಿಣ ವ್ಯಾಪಾರಿಯೊಬ್ಬನ ವಯಸ್ಸಾದ ಕಾವಲುಗಾರರೊಬ್ಬರು ಒಂದು ಹಳೆಯ ಮಿಲಿಟರಿ ಬಂದೂಕು ತಂದರು. ಅರಿಷಿಣ ತುಂಬಿಡುವ ನೆಲದಡಿಯ ಹಗೇವುಗಳನ್ನು ಕಾಯುತ್ತಿದ್ದ ಅವರು ಬುಧಗಾಂವದ ಮರಾಠಿ ಮನುಷ್ಯ, ಫೌಜಿನಿಂದ ಬಂದವರು. ಪೇಟೆಗೆಲ್ಲ ಅವರು ಕಾಕಾ. ಬಂದೂಕಿನ ನಳಿಗೆ ಕೊರೆದು ಅಗಲ ಮಾಡಿ, ಒಂಟಿ ಗುಂಡಿನ ಬದಲು ಛರ್ರೆಯ, ಅಂದರೆ ಸೀಸದ ಸಣ್ಣ ಕಾಳುಗಳ, ಕಾಡತೂಸು ಹಾರಿಸುವಂತೆ ಯಾರೋ ಹಿಂದೆಯೇ ಬದಲಿಸಿದ್ದರು. ಕಾಡತೂಸು ತುಂಬುವ ಪೆಟ್ಟಿಗೆಗೆ ಮರದ ತುಂಡು ತುರುಕಿ, ಒಂದೊಂದೇ ಹಾಕಿ ಹಾರಿಸುವ ಹಾಗೆ ಮಾಡಿಟ್ಟಿದ್ದರು. ವ್ಯಾಪಾರಿಗೆ ಒಮ್ಮೆಗೇ ಐದು ಬೇಕಾಗಿತ್ತು. ಆಗದಿದ್ದರೆ ಹೊಸ ಬಂದೂಕಿನ ಜೊತೆ ಹರೆಯದವನೊಬ್ಬನನ್ನು ಇಟ್ಟುಕೊಳ್ಳುತ್ತೇನೆ ಎಂದು ಕಾಕಾರ ಮುಖಕ್ಕೇ ಹೇಳಿದ್ದನಂತೆ.

ಮರದ ತುಂಡು ಕಿತ್ತೆ. ಗೋಳು ಅಲ್ಲಿಂದ ಶುರು. ಮೊಂಡು ಮೂತಿಯ ಕಾಡತೂಸು ನಳಿಗೆಯ ಅಂಚಿಗೆ ಬಡಿದು ನಿಲ್ಲುತ್ತಿತ್ತು. ಹಾರಿಸಿದ ಮೇಲೆ ಸುಟ್ಟ ಕೊಳವೆ ಹೊರಗೆ ಬೀಳುತ್ತಿರಲಿಲ್ಲ. ಎಳೆಯುವ ಕೊಕ್ಕೆ ಜಾರಿ ಅದು ಒಳಗೇ ಉಳಿಯುತ್ತಿತ್ತು. ಕೊಕ್ಕೆ ತಿಕ್ಕಿದೆ, ಸ್ಪ್ರಿಂಗ್ ಬದಲಿಸಿದೆ. ಒಂದು ಸರಿಹೋದರೆ ಇನ್ನೊಂದು ಕೆಡುತ್ತಿತ್ತು. ಕಾಕಾ ಮೂರು ಸಲ ವಾಪಸು ತಂದರು. ಒಂದು ಸಲವೂ ಬೈಯಲಿಲ್ಲ. ಅವರ ಆ ತಾಳ್ಮೆಗೇ ನನಗೆ ಸಿಟ್ಟು ಬರುತ್ತಿತ್ತು.

ನಾಲ್ಕನೆಯ ಸಲ ಅವರು ಬಂದಾಗ ನಾನು ಅಟ್ಟದ ಮೇಲೆ ಬೇರೊಂದು ಕೆಲಸದಲ್ಲಿದ್ದೆ. ಕಾಕಾ ಏಣಿಯ ಅರ್ಧಕ್ಕೆ ಬಂದು ನಿಂತರು. ನಾನು ತಿರುಗಿಯೂ ನೋಡದೆ ಕನ್ನಡದಲ್ಲೇ ಕೇಳಿದೆ.

"ಬಂದೂಕ ಖಾಲಿ ಐತೇನ್ರಿ?"

"ಹೋ, ಖಾಲೀಚ ಹಾಯ್," ಎಂದರು.

ನಮ್ಮಲ್ಲಿ ಖಾಲಿ ಎಂದರೆ ಒಳಗೆ ಏನೂ ಇಲ್ಲ. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ; ಹೌದು, ಕೆಳಗೇ ಇದೆ ಎಂದಿದ್ದರು ಅವರು. ಹುಟ್ಟಿದಾಗಿನಿಂದ ಎರಡನ್ನೂ ಕೇಳಿ ಬೆಳೆದವನು ನಾನು. ಅವರು ಉತ್ತರ ಕೊಟ್ಟದ್ದು ಮರಾಠಿಯಲ್ಲಿ ಎಂಬುದು ಹೊಳೆಯಲೇ ಇಲ್ಲ.

ಕೆಳಗಿಳಿದೆ. ಬಂದೂಕು ಕಟ್ಟೆಗೆ ಒರಗಿತ್ತು. ಕಾಕಾ ಪಕ್ಕದಲ್ಲಿ ಕುಳಿತು ಏನೋ ಹೇಳತೊಡಗಿದರು, ನಾನು ಕಿವಿಗೊಡಲಿಲ್ಲ. ಪೆಟ್ಟಿಗೆ ತೆಗೆದು ನೋಡಬೇಕಿತ್ತು, ನೋಡಲಿಲ್ಲ. ಮೂತಿ ನೆಲಕ್ಕೆ ಮಾಡಿ ಬೋಲ್ಟ್ ಎಳೆದು ಮುಂದೆ ದೂಡಿದೆ. ಎಲ್ಲೂ ತಡೆಯದೆ ಬೆಣ್ಣೆಯಂತೆ ಹೋಯಿತು. ತಿಂಗಳಿಡೀ ಹಟ ಹಿಡಿದಿದ್ದ ಬಂದೂಕು ಅಂದು ಕಾಡತೂಸನ್ನು ಸರಿಯಾಗಿ ಏರಿಸಿಕೊಂಡಿತ್ತು. ಅದು ತಿಳಿಯದ ನಾನು ಬೋಲ್ಟ್ ಸಲೀಸಾಯಿತೆಂಬ ಖುಷಿಯಲ್ಲಿ ಬಂದೂಕಿನ ಕುದುರೆ ಒತ್ತಿದೆ. ಮೂತಿಯ ಕೆಳಗೇ ಇದ್ದ ಕಾಕಾರ ಮೊಣಕಾಲು ಛಿದ್ರವಾಯಿತು.

ದವಾಖಾನೆಯಲ್ಲಿ ಕಾಲನ್ನು ತೊಡೆಯವರೆಗೆ ಕತ್ತರಿಸಿದರು. ಮರುದಿನ ಹೋದಾಗ ನನ್ನ ಕೈ ಹಿಡಿದು, ನನಗಾಗಿ ಹರಕು ಮುರುಕು ಕನ್ನಡದಲ್ಲಿ ಕೇಳಿದರು. "ತಮ್ಮಾ, ಬಂದೂಕ ಕೆಳಗ ಐತಿ ಅಂದಿದ್ದೆ. ಕಾಡತೂಸ ಒಳಗ ಸಿಕ್ಕಾವ ಅಂತ ಹೇಳಾಕ ಬಂದಿದ್ದೆ. ನೀ ಯಾಕ ಒತ್ತಿದಿ?"

ನಾನು ಕೈ ಬಿಡಿಸಿಕೊಂಡು ಎದ್ದು ಬಂದೆ.

ತಪ್ಪು ಕಾಕಾರದಲ್ಲ ಎಂದಾದರೆ ಬದುಕಿರುವ ತನಕ ಅಂಗಡಿಯ ಬಾಗಿಲಲ್ಲಿ ಕುಳ್ಳಿರಿಸಿ ಅನ್ನ ಹಾಕುತ್ತೇನೆ ಎಂದು ವ್ಯಾಪಾರಿ ಮಾತು ಕೊಟ್ಟಿದ್ದ. ಅವರದೇ ಬೇಜವಾಬ್ದಾರಿ ಎಂದಾದರೆ ತನಗೆ ಸಂಬಂಧವಿಲ್ಲ ಎಂದೂ ಹೇಳಿದ್ದ. ಮೂರನೆಯ ದಿನ ಪೊಲೀಸ್ ಠಾಣೆಯ ಫೌಜದಾರರು ನನ್ನನ್ನು ಕರೆಸಿದರು. ಅವರೂ ಕನ್ನಡದವರೇ. ಬಂದೂಕು ತುಂಬಿದೆಯೋ ಇಲ್ಲವೋ ಎಂದು ಕೇಳಿದ್ದೆಯಾ ಎಂದರು. ಕೇಳಿದ್ದೆ ಎಂದೆ. ಅವನೇನು ಹೇಳಿದ ಎಂದರು.

"ಖಾಲಿ ಅಂದ್ರರಿ," ಎಂದೆ.

ಸುಳ್ಳಲ್ಲ. ಅವರ ಖಾಲಿ ಎಂದರೆ ಕೆಳಗೆ ಎಂದು ಇನ್ನೊಂದು ಮಾತು ಸೇರಿಸಿದ್ದರೆ ಸಾಕಿತ್ತು. ಲೈಸೆನ್ಸ್ ಹೋದೀತು, ಜೈಲಾದೀತು ಎಂದು ಹೆದರಿದೆ. ನಾನು ಹೇಡಿ. ಪಕ್ಕದಲ್ಲಿ ಹೇಳಿಕೆ ಬರೆದುಕೊಳ್ಳುತ್ತಿದ್ದ ಕಾರಕೂನ ನನ್ನ ಕನ್ನಡವನ್ನು ಮರಾಠಿಗಿಳಿಸಿ, 'ಬಂದೂಕ ರಿಕಾಮಿ ಆಹೆ' ಎಂದು ಕಾಕಾ ಹೇಳಿದರೆಂದು ಬರೆದ. ಒಳಗೆ ಏನೂ ಇಲ್ಲ ಎನ್ನಲು ಮರಾಠಿಯವರಿಗಿರುವ ಶಬ್ದ ಅದು. ಕಾಕಾ ಅದನ್ನು ಆಡಿಯೇ ಇರಲಿಲ್ಲ. ಕಾರಕೂನ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಬರೋಬರಿ ಐತೇನು ಎಂದು ಕೇಳಿದ. ನಾನು ಹೌದೆಂದು ಸಹಿ ಮಾಡಿದೆ.